ಕೋಟೆಯ ಬಾಗಿಲು ಮತ್ತು ತೇಗದ ಕಂಬಗಳು

ಊರಿನಿಂದ ನೆಂಟರು ಬಂದರೆ ಲಾಲ್‌ಬಾಗು, ವಿಧಾನಸೌಧ ತೋರಿಸಿ ಕಳುಹಿಸುವುದು ನಮ್ಮ ಮನೆಯ ರೂಢಿ. ಈ ಬಾರಿ ಶಿವಮೊಗ್ಗದಿಂದ ಬಂದ ಸೋದರಮಾವನವರು ಬೆಂಗಳೂರಿನ ಕೋಟೆಯನ್ನು ನೋಡಬೇಕೆಂದು ಕೇಳಿದ್ದರಿಂದ, ಬೆಳಗ್ಗೆಯೇ ಹೊರಟು ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದೆವು.

ಹೈದರಾಲಿಯು 1761ರಲ್ಲಿ ಕಲ್ಲಿನಿಂದ ಕಟ್ಟಿಸಿದ ಆ ದೊಡ್ಡ ಕೋಟೆಯಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಗೋಡೆ ಮಾತ್ರ. "ಇಷ್ಟೇ ಉಳಿದಿರೋದಾ?" ಎಂದು ಮಾವ ಕೇಳಿದಾಗ ನನಗೆ ಸಂಕಟವಾಯಿತು. ಆದರೆ ಬಾಗಿಲ ಕಲ್ಲಿನಲ್ಲಿ ಕೆತ್ತಿದ ಗಣಪತಿಯನ್ನೂ ಕಮಲಗಳನ್ನೂ ಕಂಡ ಮೇಲೆ ಅವರು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಗೋಡೆಯೊಡೆದು ಒಳನುಗ್ಗಿದ್ದನ್ನು ಇಲ್ಲಿನ ಫಲಕವೊಂದು ನೆನಪಿಸುತ್ತದೆ.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ಹೈದರಾಲಿಯು 1781ರಲ್ಲಿ ಆರಂಭಿಸಿ, ಟಿಪ್ಪುವು 1791ರಲ್ಲಿ ಪೂರ್ಣಗೊಳಿಸಿದ ಈ ಎರಡಂತಸ್ತಿನ ಕಟ್ಟಡವನ್ನು ಬಹುಮಂದಿ ಹತ್ತು ನಿಮಿಷದಲ್ಲಿ ನೋಡಿ ಮುಗಿಸುತ್ತಾರೆ; ನನ್ನ ಮಟ್ಟಿಗೆ ಅದು ಅನ್ಯಾಯ. ಸಾಲಾಗಿ ನಿಂತ ತೇಗದ ಕಂಬಗಳ ಬುಡಕ್ಕೆ ಕುಳಿತು ನೋಡಬೇಕು: ಪ್ರತಿ ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದ್ದು, ನೆಲದ ತೇವ ಮರಕ್ಕೆ ಏರದಂತೆ ಈ ಕಲ್ಲು ತಡೆಯುತ್ತದೆ. ಮೇಲಕ್ಕೆ ಹೋದಂತೆ ಕಂಬಗಳು ಅಲೆಯಂಚಿನ ಕಮಾನುಗಳಾಗಿ ಬಾಗುತ್ತವೆ. ಮಹಡಿಯ ಗೋಡೆಗಳಲ್ಲಿ ಮಾಸಿದ ಬಣ್ಣದ ಹೂಬಳ್ಳಿಗಳು ಇನ್ನೂ ಕಾಣುತ್ತವೆ. ಟಿಪ್ಪುವು ದರ್ಬಾರು ನಡೆಸುತ್ತಿದ್ದನೆಂದು ಹೇಳುವ ಮೊಗಸಾಲೆಯಲ್ಲಿ ನಿಂತರೆ ಮಾರುಕಟ್ಟೆಯ ಗದ್ದಲ ಎಲ್ಲೋ ದೂರದಲ್ಲಿ ಕೇಳಿಸುತ್ತದೆ. ಈ ಅರಮನೆಗೆ 'ರಷ್ಕ್-ಎ-ಜನ್ನತ್', ಅಂದರೆ ಸ್ವರ್ಗಕ್ಕೂ ಅಸೂಯೆ ಹುಟ್ಟಿಸುವಂಥದ್ದು, ಎಂಬ ಹೆಸರಿತ್ತು. ಟಿಪ್ಪುವಿನ ಪತನಾನಂತರ ಇದೇ ಕಟ್ಟಡದಲ್ಲಿ ಬ್ರಿಟಿಷರ ಸಚಿವಾಲಯವಿದ್ದು, 1868ರಲ್ಲಿ ಅದು ಅಠಾರಾ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟಿನ ಕಟ್ಟಡಕ್ಕೆ, ವರ್ಗವಾಯಿತು.

ಪಕ್ಕದಲ್ಲೇ ಇರುವ ಕೋಟೆ ವೆಂಕಟರಮಣ ದೇವಸ್ಥಾನ ಇವೆರಡಕ್ಕಿಂತಲೂ ಹಳೆಯದು; ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು. ಅದರ ಮುಂದಿನ ಗರುಡಗಂಬವು ಫಿರಂಗಿ ಗುಂಡಿಗೆ ಅಡ್ಡನಿಂತು ಟಿಪ್ಪುವಿನ ಪ್ರಾಣ ಉಳಿಸಿತೆಂಬ ಪ್ರತೀತಿಯಿದೆ. ಮಾವ ಆ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಳಗೆ ಮಂಗಳಾರತಿಯ ಗಂಟೆ ಕೇಳಿಸುತ್ತಿತ್ತು.