ದರ್ಶಿನಿಯ ಟಿವಿ ಯಾರಿಗಾಗಿ?

ಭಾನುವಾರ, 16 ಫೆಬ್ರವರಿ 2025
ಬೆಂಗಳೂರು

ಒಂದು ಪ್ಲೇಟ್ ಇಡ್ಲಿ ವಡೆ ಮುಗಿಯುವಷ್ಟರಲ್ಲಿ ಬೈಕ್ ಸವಾರನೊಬ್ಬ ಲಾರಿಗೆ ಡಿಕ್ಕಿ ಹೊಡೆದು ಬೀಳುವುದನ್ನು ಇವತ್ತು ಮತ್ತೆ ಮತ್ತೆ ನೋಡಬೇಕಾಯಿತು. ಸಿಸಿಟಿವಿ ದೃಶ್ಯ. ಬೀಳುವ ಕ್ಷಣಕ್ಕೆ ಸರಿಯಾಗಿ ಅವನ ಸುತ್ತ ಕೆಂಪು ವೃತ್ತ, ಪಕ್ಕಕ್ಕೊಂದು ಬಾಣದ ಗುರುತು, ಹಿನ್ನೆಲೆಯಲ್ಲಿ ಢಣ ಢಣ ಸಂಗೀತ. ಸುದ್ದಿ ಓದುವವನ ದನಿಯಲ್ಲಿ ಮರುಕಕ್ಕಿಂತ ಹುಮ್ಮಸ್ಸೇ ಹೆಚ್ಚಿತ್ತು. ನನ್ನ ಎದುರು ನಿಂತಿದ್ದ ತಂದೆ, ಖಾರಾಬಾತ್ ತಿನ್ನುತ್ತಿದ್ದ ಪುಟ್ಟ ಮಗಳ ಭುಜ ಹಿಡಿದು ಅವಳನ್ನು ಆ ಕಡೆ ತಿರುಗಿಸಿದರು. ಆ ಕಡೆಯ ಗೋಡೆಯಲ್ಲೂ ಒಂದು ಟಿವಿ. ಅದರಲ್ಲೂ ಅದೇ ಬೈಕ್, ಅದೇ ಲಾರಿ.

ಇದು ನಮ್ಮ ಬಡಾವಣೆಯ ದರ್ಶಿನಿಯ ಕಥೆ. ಹೆಸರು ಬೇಡ. ಚಟ್ನಿ ಚೆನ್ನಾಗಿ ಮಾಡುತ್ತಾರೆ, ಮಾಲೀಕರು ಸಜ್ಜನರು.

ಕಾಫಿಗೆ ಟೋಕನ್ ತೆಗೆದುಕೊಳ್ಳುವಾಗ ಗಲ್ಲಾದಲ್ಲಿದ್ದ ಅವರನ್ನೇ ಕೇಳಿದೆ, ಬೆಳಗಿನ ಹೊತ್ತಾದರೂ ಇದನ್ನು ಆರಿಸಬಾರದೇ ಎಂದು. "ಗಿರಾಕಿಗಳಿಗೆ ಬೇಕು ಸಾರ್, ಇಲ್ಲದಿದ್ದರೆ ಬಿಕೋ ಎನ್ನುತ್ತದೆ" ಎಂದರು. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನ ಯಾವ ದರ್ಶಿನಿಯೂ ಬಿಕೋ ಎನ್ನುವುದಿಲ್ಲ. ಆದರೂ ಅವರ ಮಾತಿಗೆ ಮರ್ಯಾದೆ ಕೊಟ್ಟು, ಕಾಫಿ ಹಿಡಿದು ನಿಂತು, ಯಾರು ಟಿವಿ ನೋಡುತ್ತಿದ್ದಾರೆ ಎಂದು ಗಮನಿಸಿದೆ. ತಿನ್ನುವವರಲ್ಲಿ ಹೆಚ್ಚಿನವರು ತಟ್ಟೆ ಅಥವಾ ಮೊಬೈಲ್ ನೋಡುತ್ತಿದ್ದರು. ನಡಿಗೆ ಮುಗಿಸಿ ಬಂದ ಹಿರಿಯರ ಗುಂಪು ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿತ್ತು. ಟಿವಿಯತ್ತ ಕಣ್ಣಿಟ್ಟವರು ಮೂವರೇ: ಗಲ್ಲಾದಲ್ಲಿದ್ದ ಮಾಲೀಕರು, ಮೇಜು ಒರೆಸುವ ಹುಡುಗ, ಕಾಫಿ ಬೆರೆಸುವವರು.

ಹಾಗಾದರೆ ಟಿವಿ ಗಿರಾಕಿಗಳಿಗಲ್ಲ. ಅದನ್ನು ಒಪ್ಪಿಕೊಂಡರೆ ಮಾತು ಬೇರೆ ದಾರಿ ಹಿಡಿಯುತ್ತದೆ. ನಾವು ಬರುವುದು ಹತ್ತು ನಿಮಿಷಕ್ಕೆ. ಆ ಹುಡುಗ ನಸುಕಿನಿಂದ ಅಲ್ಲೇ ಇರುತ್ತಾನೆ, ರಾತ್ರಿಯವರೆಗೆ ಒರೆಸುತ್ತಾನೆ. ಅವನಿಗೊಂದು ಹಾಡೋ ಸುದ್ದಿಯೋ ಬೇಡ ಎನ್ನಲು ನಾನ್ಯಾರು? ಅವರಿಗೆ ಬೇಕಾದರೆ ಅವರ ಕಡೆಗೆ ತಿರುಗಿಸಿಡಿ, ಕಾಫಿ ಕೌಂಟರಿನ ಒಳಗೆ, ಅವರಿಗೆ ಕೇಳಿಸುವಷ್ಟು. ನಮ್ಮ ಹೆಸರು ಹೇಳಿ ನಮ್ಮ ನೆತ್ತಿಯ ಮೇಲೆ ತೂಗುಹಾಕುವುದು ಏಕೆ?

ದರ್ಶಿನಿಯ ಲೆಕ್ಕಾಚಾರಕ್ಕೂ ಇದು ಹೊಂದುವುದಿಲ್ಲ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಶುರುಮಾಡಿದಾಗ ಇದ್ದ ಯೋಚನೆ ಸರಳ: ಕುರ್ಚಿ ಇಲ್ಲ, ಮಾಣಿ ಇಲ್ಲ, ಟೋಕನ್ ಕೊಡಿ, ನಿಂತು ತಿನ್ನಿ, ಹೊರಡಿ. ಬೆಲೆ ಕಡಿಮೆ ಇಡಲು ಸಾಧ್ಯವಾದದ್ದೇ ಜನ ಬೇಗ ಬೇಗ ಬಂದು ಹೋಗುವುದರಿಂದ. ಅಂಥ ಜಾಗದಲ್ಲಿ ನಿಂತು ನೋಡುವ ವಸ್ತುವನ್ನು ನೇತುಹಾಕುವುದೆಂದರೆ ತಮ್ಮ ವ್ಯಾಪಾರಕ್ಕೆ ತಾವೇ ಅಡ್ಡಗಾಲು ಹಾಕಿಕೊಂಡಂತೆ. ಅಮೆರಿಕದ ರೊನಾಲ್ಡ್ ಮಿಲಿಮನ್ ಎಂಬವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ರೆಸ್ಟೋರೆಂಟಿನಲ್ಲಿ ನಿಧಾನಗತಿಯ ಸಂಗೀತವಿದ್ದಾಗ ಗಿರಾಕಿಗಳು ಸುಮಾರು 56 ನಿಮಿಷ, ವೇಗದ ಸಂಗೀತವಿದ್ದಾಗ 45 ನಿಮಿಷ ಕುಳಿತಿದ್ದರು. ನಿಧಾನ ಸಂಗೀತದವರು ಊಟಕ್ಕೆ ಹೆಚ್ಚು ಖರ್ಚು ಮಾಡಲಿಲ್ಲ, ಕುಡಿಯುವುದಕ್ಕೆ ಮಾಡಿದರು. ಅಲ್ಲಿ ಕೂರಿಸಿದಷ್ಟೂ ಲಾಭ. ಬೈಟು ಕಾಫಿಯ ಹೋಟೆಲಿನಲ್ಲಿ ಗಿರಾಕಿ ಹೆಚ್ಚು ಹೊತ್ತು ನಿಂತರೆ ಆಗುವುದು ಒಂದೇ, ಹಿಂದಿನವರಿಗೆ ಮೇಜು ಸಿಗುವುದಿಲ್ಲ.

ನನ್ನ ತಕರಾರು ಸದ್ದಿನ ಮೇಲಲ್ಲ. ಸದ್ದಿಲ್ಲದ ಹೋಟೆಲಿನಲ್ಲಿ ನನಗೆ ತಿಂಡಿ ಇಳಿಯುವುದಿಲ್ಲ. ದೋಸೆ ಹುಯ್ಯುವವರ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರೆ, ಕಡ್ಡಿ ಪೊರಕೆಯಿಂದ ಬಳಿಯುತ್ತಾರೆ. ಆಗ ಏಳುವ 'ಚುಂಯ್' ಚಿಕ್ಕದಾಗಿ ಚುರುಕಾಗಿದ್ದರೆ ಹಿಟ್ಟು ಹುಯ್ಯುತ್ತಾರೆ, ಎಳೆದೆಳೆದು ಬಂದರೆ ಕಾಯುತ್ತಾರೆ. ಕಾವು ನೋಡುವುದು ಅರ್ಧ ಕಿವಿಯಿಂದಲೇ. ಸೌಟಿನ ಹಿಂಬದಿ ಸುತ್ತುವ ಸರಸರ, ಮಗುಚುವ ಕೈ ದೋಸೆಯ ಅಂಚು ಬಿಡಿಸುವಾಗಿನ ಕರಕರ, ಒಳಗೆ ತಟ್ಟೆಗಳ ಖಣಖಣ, ಕೌಂಟರಿನಿಂದ "ಎರಡು ಖಾಲಿ, ಒಂದು ಸೆಟ್, ಒಂದು ಬೆಣ್ಣೆ ಮಸಾಲೆ" ಎಂಬ ಕೂಗು. ಈಚೆಗೆ ಇದಕ್ಕೆ ಇನ್ನೊಂದು ದನಿ ಸೇರಿದೆ: ಗಲ್ಲಾದ ಪಕ್ಕದಲ್ಲಿ ಕುಳಿತು, ಯುಪಿಐ ಹಣ ಬಂದ ಕೂಡಲೇ "ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಸಾರುವ ಪುಟ್ಟ ಪೆಟ್ಟಿಗೆ. ಮೊದಮೊದಲು ಕಿರಿಕಿರಿ ಎನಿಸಿತ್ತು, ಈಗ ಒಗ್ಗಿಹೋಗಿದೆ. ಏಕೆಂದರೆ ಅದು ಹೋಟೆಲಿನ ಕೆಲಸದ ಮಾತು. ಬೇರೆಲ್ಲೋ ಬಿದ್ದ ಬೈಕಿಗೂ ನನ್ನ ವಡೆಗೂ ಯಾವ ಸಂಬಂಧವೂ ಇಲ್ಲ.

ಟಿವಿ ಬಂದರೆ ಈ ಎಲ್ಲ ಸದ್ದೂ ಒಂದು ಮೆಟ್ಟಿಲು ಮೇಲೇರುತ್ತದೆ. ಸುತ್ತ ಗದ್ದಲ ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಷ್ಟು ಹಿಂದೆಯೇ ಗುರುತಿಸಿದ್ದರು. ಇವತ್ತು ಅದರ ಪ್ರಾತ್ಯಕ್ಷಿಕೆಯೇ ಆಯಿತು. ಟಿವಿಯನ್ನು ಮೀರಿಸಲು ಮೊಣಕಾಲು ನೋವಿನ ಹಿರಿಯರು ಕೂಗಿದರು, ಅವರನ್ನು ಮೀರಿಸಲು ಕೌಂಟರಿನವರು ಕೂಗಿದರು, ಅದು ಕೇಳಿಸದೆ ಮಾಲೀಕರು ರಿಮೋಟ್ ಹಿಡಿದು ಟಿವಿಯ ದನಿಯನ್ನು ಇನ್ನೂ ಏರಿಸಿದರು! "ಸಾಂಬಾರ್ ಬೇರೆ" ಎಂದು ಕೇಳಿದ ನನ್ನ ತಟ್ಟೆಗೆ ಸಾಂಬಾರಿನಲ್ಲಿ ಮುಳುಗಿದ ಇಡ್ಲಿಯೇ ಬಂತು. ರುಚಿಯೂ ಸ್ವಲ್ಪ ಏಟು ತಿನ್ನುತ್ತದೆ. ಆಂಡಿ ವುಡ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಿವಿಗೆ ಜೋರು ಸದ್ದು ಕೇಳಿಸುತ್ತಾ ತಿಂದವರಿಗೆ ಉಪ್ಪೂ ಸಿಹಿಯೂ ಕಡಿಮೆ ಎನಿಸಿತ್ತು. ಚಟ್ನಿಗೆ ಉಪ್ಪು ಸಾಲದು ಎಂದು ದೂರುವವರು ಒಮ್ಮೆ ಟಿವಿ ಆರಿಸಿಯೂ ನೋಡಬಹುದು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಬಗ್ಗೆ ಹೇಳದಿದ್ದರೆ ನನ್ನ ವಾದ ಪೂರ್ತಿಯಾಗುವುದಿಲ್ಲ. 1943ರಿಂದ ನಡೆಯುತ್ತಿರುವ ಹೋಟೆಲು. ಗೋಡೆಯ ತುಂಬ ಕನ್ನಡದ ಸಾಹಿತಿಗಳ, ಕಲಾವಿದರ ಚಿತ್ರಗಳು. ತೋಳಿನುದ್ದಕ್ಕೂ ಮಸಾಲೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಬೆಂಚುಗಳ ನಡುವೆ ನುಸುಳಿ ಬರುವ ಮಾಣಿಯನ್ನು ನೋಡುವಾಗ ಯಾರಿಗೆ ಯಾವ ಪರದೆ ಬೇಕು? ಒಂದು ತಟ್ಟೆ ಜಾರೀತೇನೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ.

ಇನ್ನೊಂದು ತಮಾಷೆ. ಹಳೆಯ ಹೋಟೆಲುಗಳಲ್ಲಿ ಫಲಕಗಳಿರುತ್ತಿದ್ದವು: 'ಇಂದು ನಗದು, ನಾಳೆ ಉದ್ರಿ', 'ತಟ್ಟೆಯಲ್ಲಿ ಕೈ ತೊಳೆಯಬಾರದು', ಅದರ ಪಕ್ಕದಲ್ಲೇ 'ರಾಜಕೀಯ ಮಾತನಾಡಬೇಡಿ'. ಒಂದು ಕಾಫಿಗೆ ಒಂದು ಗಂಟೆ ಕುಳಿತು ಸರ್ಕಾರ ಬೀಳಿಸುವವರ ಕಾಟ ತಾಳಲಾರದೆ ಬರೆಸಿದ್ದು. ಈಗ ಫಲಕ ಹೋಗಿ ಅದೇ ಮೊಳೆಗೆ ಟಿವಿ ಬಂದಿದೆ. ಬೆಳಿಗ್ಗೆ ರಾಶಿಫಲ ಮುಗಿದರೆ ರಾತ್ರಿಯವರೆಗೆ ರಾಜಕೀಯವೇ. ನಾವು ಮಾತಾಡಬಾರದಾಗಿದ್ದನ್ನು ಈಗ ದುಡ್ಡು ಕೊಟ್ಟು ಕೇಳುತ್ತಿದ್ದೇವೆ, ತಿರುಗಿ ಉತ್ತರ ಕೊಡುವ ಸುಖವೂ ಇಲ್ಲ.

ರೇಡಿಯೋ ಇದ್ದಾಗ ಇಷ್ಟು ಕಷ್ಟವಿರಲಿಲ್ಲ ಎನ್ನುವುದು ನನಗೆ ವಯಸ್ಸಾದುದರ ಲಕ್ಷಣವೇ ಇರಬಹುದು. ಸಾಗರದ ಕಡೆಯ ನಮ್ಮೂರ ಹೋಟೆಲಿನಲ್ಲಿ ಗಾಜಿನ ಕಪಾಟಿನ ಮೇಲೆ, ಬನ್ನು ಮತ್ತು ಕೋಡುಬಳೆಯ ಡಬ್ಬಿಗಳಿಗಿಂತ ಎತ್ತರದಲ್ಲಿ, ಒಂದು ರೇಡಿಯೋ ಇತ್ತು. ಬೆಳಿಗ್ಗೆ 7.35ರ ವಾರ್ತೆ ಬಂದಾಗ ಹೋಟೆಲು ತಾನಾಗಿ ಮೆತ್ತಗಾಗುತ್ತಿತ್ತು. ಮುಗಿದ ಮೇಲೆ ಅಡಿಕೆ ಧಾರಣೆಯ ಮಾತು ಮತ್ತೆ ಏಳುತ್ತಿತ್ತು. ರೇಡಿಯೋ ಕಿವಿಯನ್ನಷ್ಟೇ ಕೇಳುತ್ತದೆ, ಕಣ್ಣು ತಟ್ಟೆಯ ಮೇಲೆ, ಎದುರಿನವರ ಮುಖದ ಮೇಲೆ ಇರಬಹುದು. ಟಿವಿಯ ದನಿ ತೆಗೆದರೂ ಚಿತ್ರ ಕತ್ತನ್ನು ಎಳೆಯುತ್ತದೆ. ಆದ್ದರಿಂದಲೇ "ಬೇಕಾದರೆ ಸೌಂಡ್ ತೆಗೆಯುತ್ತೇನೆ, ಚಿತ್ರ ಓಡಲಿ" ಎಂದು ಮಾಲೀಕರು ಇವತ್ತು ಮುಂದಿಟ್ಟ ಸಂಧಾನವನ್ನು ನಾನು ಒಪ್ಪಲಿಲ್ಲ. ಕೆಂಪು ವೃತ್ತಕ್ಕೆ ದನಿ ಬೇಕಿಲ್ಲ.

ಉಣ್ಣುವಾಗ ಹಾಡಬಾರದು ಎಂದು ನಮ್ಮವರೇನೂ ಕಟ್ಟುನಿಟ್ಟು ಮಾಡಿರಲಿಲ್ಲ. ಮಲೆನಾಡಿನ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡು ಶ್ಲೋಕ ಎತ್ತುತ್ತಾರೆ, ಕೊನೆಗೆ ಸಾಲಿಗೆ ಸಾಲೇ 'ಹರ ಹರ ಮಹಾದೇವ' ಎನ್ನುತ್ತದೆ. ರಾಗ ತಪ್ಪಿದರೂ ನಡೆಯುತ್ತದೆ. ಅಲ್ಲಿ ಹಾಡುವವರೂ ಉಣ್ಣುವವರೇ, ಬಾಯಿ ಬಿಡುವಾಗ ಎಲೆಯ ಮೇಲಿನ ಕೈ ನಿಂತಿರುತ್ತದೆ. ಅದೇ ಊರಿನ ಆರತಕ್ಷತೆಗಳಲ್ಲಿ ಈಗ ಆರ್ಕೆಸ್ಟ್ರಾದ ಆಳೆತ್ತರದ ಪೆಟ್ಟಿಗೆಗಳು ಎದೆಗೆ ಗುದ್ದುತ್ತವೆ. ಪಕ್ಕದವರು "ಹೋಳಿಗೆಗೆ ತುಪ್ಪ ಬೇಕಾ" ಎಂದದ್ದು ಕೈಸನ್ನೆಯಲ್ಲೇ ತಿಳಿಯಬೇಕು.

ಕೋರಮಂಗಲ, ಇಂದಿರಾನಗರದ ಕೆಫೆಗಳ ವಿಷಯ ಬೇರೆ. ಅಲ್ಲಿಗೆ ಹೋಗುವವರು ಸಂಗೀತಕ್ಕೂ ಸೇರಿಸಿಯೇ ದುಡ್ಡು ಕೊಡುತ್ತಾರೆ, ಕೊಡಲಿ. ಮೊನ್ನೆ ಅಂಥ ಒಂದು ಕಡೆ ಸೋದರಸೊಸೆಯ ಎದುರು ಕುಳಿತು ಅವಳ ಕೆಲಸದ ಸುದ್ದಿ ಕೇಳಲು ಹೋಗಿ ಬರೀ ತಲೆಯಾಡಿಸಿ ಬಂದೆ. ಜಪಾನಿನ ಸಂಗೀತ ಸಂಯೋಜಕ ರ್‍ಯುಇಚಿ ಸಕಾಮೊಟೊ ನ್ಯೂಯಾರ್ಕಿನಲ್ಲಿ ತಮಗೆ ಅಚ್ಚುಮೆಚ್ಚಾಗಿದ್ದ ಜಪಾನಿ ಊಟದ ಮನೆಯೊಂದರ ಸಂಗೀತ ಸಹಿಸಲಾಗದೆ, ಊಟದಷ್ಟೇ ಚೆಂದದ ಸಂಗೀತವೂ ಇರಲೆಂದು ತಾವೇ ಹಾಡುಗಳ ಪಟ್ಟಿ ಸಿದ್ಧಮಾಡಿಕೊಟ್ಟರು. 2018ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಅಂಥ ಯೋಗ್ಯತೆ ನನಗಿಲ್ಲ, ನನ್ನ ಪಟ್ಟಿ ರಾಜ್‌ಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಅವರಾಚೆಗೆ ಹೋಗುವುದಿಲ್ಲ. ಅಂದ ಹಾಗೆ, ಮೊಬೈಲಿನಿಂದ ಹಾಡು ಹಾಕುವ ಹೋಟೆಲಿನವರು ತಿಳಿದಿರಬೇಕಾದ ಮಾತೊಂದಿದೆ: ಧ್ವನಿಮುದ್ರಿತ ಹಾಡನ್ನು ಗಿರಾಕಿಗಳಿಗೆ ಕೇಳಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರಸಾರ, ಅದಕ್ಕೆ ಪರವಾನಗಿ ಬೇಕು. ಮದುವೆ ಮೆರವಣಿಗೆಗೆ ಕಾಯ್ದೆಯಲ್ಲೇ ವಿನಾಯಿತಿ ಉಂಟು, ಮಸಾಲೆ ದೋಸೆಗೆ ಇಲ್ಲ.

ಕ್ರಿಕೆಟ್ಟಿಗೆ ಮಾತ್ರ ನಾನು ತಲೆಬಾಗುತ್ತೇನೆ. ಮುಂದಿನ ಭಾನುವಾರ ದುಬೈನಲ್ಲಿ ಭಾರತ–ಪಾಕಿಸ್ತಾನ ಪಂದ್ಯ. ಮಧ್ಯಾಹ್ನ ಎರಡೂವರೆಯಿಂದ ದರ್ಶಿನಿಯಲ್ಲಿ ತಟ್ಟೆ ಇಡಲು ಜಾಗವಿರುವುದಿಲ್ಲ, ಆಟ ಗೊತ್ತಿಲ್ಲದವರೂ ಸ್ಕೋರ್ ಕೇಳುತ್ತಾರೆ, ವಿಕೆಟ್ ಬಿದ್ದರೆ ದೋಸೆ ಹುಯ್ಯುವವರೂ ಸೌಟು ಎತ್ತುತ್ತಾರೆ. ಅವತ್ತು ಅಲ್ಲಿಗೆ ಹೋಗುವವರೆಲ್ಲ ಟಿವಿಗಾಗಿಯೇ ಹೋಗುವವರು, ತಿಂಡಿ ನೆಪ. ಮಾಲೀಕರೂ ಇದನ್ನೇ ಹಿಡಿದು ಚುಚ್ಚಿದರು: "ಅವತ್ತು ನೀವೇ ಬಂದು ಸೌಂಡ್ ಜಾಸ್ತಿ ಮಾಡಿ ಎನ್ನುತ್ತೀರಿ, ನೋಡಿ ಬೇಕಾದರೆ." ಎನ್ನುತ್ತೇನೆ, ಅದರಲ್ಲಿ ಅನುಮಾನವಿಲ್ಲ. ವರ್ಷಕ್ಕೆ ನಾಲ್ಕಾರು ದಿನದ ಜಾತ್ರೆಗೂ ದಿನಬೆಳಗಿನ ಹಿಂಸೆಗೂ ವ್ಯತ್ಯಾಸವಿದೆ ಎಂದೆ. ಅವರು ಚಿಲ್ಲರೆ ಎಣಿಸುತ್ತಾ ನಕ್ಕರು.

ಟಿವಿಯನ್ನು ಕಾಫಿ ಕೌಂಟರಿನ ಕಡೆ ತಿರುಗಿಸುವ ವಿಚಾರ ಕಾಫಿಯವರಿಗೆ ಹಿಡಿಸಿತು. ಆದರೆ ಮೇಜು ಒರೆಸುವ ಹುಡುಗನಿಗೆ ಸುದ್ದಿ ಬೇಡವಂತೆ, ಹಾಡು ಬೇಕಂತೆ. ಗಲ್ಲಾದವರಿಗೆ ಸುದ್ದಿಯೇ ಬೇಕು. ಅವರವರಲ್ಲೇ ಇತ್ಯರ್ಥವಾಗಲಿ ಎಂದು ಬಂದುಬಿಟ್ಟೆ.

ಎರಡು ಬೀದಿ ಆಚೆ ಟಿವಿಯಿಲ್ಲದ ಇನ್ನೊಂದು ಹೋಟೆಲಿದೆ. ಅಲ್ಲಿ ಚಟ್ನಿ ನೀರು ನೀರು. ಹಾಗಾಗಿ ನಾಳೆಯೂ ಇಲ್ಲಿಗೇ, ಕೈ ತೊಳೆಯುವ ಜಾಗದ ಪಕ್ಕದ ಕಂಬದ ಹಿಂದೆ. ಅಲ್ಲಿ ಎರಡು ಟಿವಿಗಳೂ ಕಾಣುವುದಿಲ್ಲ, ಕಾಲಿಗೆ ಸ್ವಲ್ಪ ನೀರು ಸಿಡಿಯುತ್ತದೆ.