ಒಂದೇ ಕೈ, ಎರಡು ಕೆಲಸ: ಮಿರಗದಿಂದ ರೋಹಿಣಿವರೆಗೆ

ಹೋದ ಜೂನ್‌ನಲ್ಲಿ ಮಿರಗ (ಮೃಗಶಿರಾ ಮಳೆ) ಕೂಡಿದ ವಾರ ಕಾದಂಬರಿಯ ಮೊದಲ ಪುಟ ಬರೆದೆ. ಅದೇ ತಿಂಗಳು ನಮ್ಮ ಆಯಿಯ ಹಳೆ ಸೀರೆಗಳ ಗಂಟು ಬಿಚ್ಚಿ ಕೌದಿ (ಹಳೆ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆ) ಹೊಲಿಯಲಿಕ್ಕೂ ಶುರು ಮಾಡಿದೆ. ಎರಡೂ ಒಟ್ಟಿಗೆ ಯಾಕೆ, ಒಂದು ಮುಗಿಸಿ ಇನ್ನೊಂದು ಹಿಡಿಯಬಾರದಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ನನಗೆ ಈಗ ನಲವತ್ತೆರಡು ವರ್ಷ. ಎರಡನ್ನೂ ಬಹಳ ವರ್ಷ ಮುಂದಕ್ಕೆ ಹಾಕಿದ್ದೆ, ಇನ್ನು ಯಾವುದನ್ನೂ ಕಾಯಿಸುವ ಮನಸ್ಸು ಇರಲಿಲ್ಲ.

ಇವತ್ತಿಗೆ ಎಲ್ಲಿದ್ದೇನೆ ಅಂದರೆ: ಕಾದಂಬರಿ 27 ಅಧ್ಯಾಯ ಅಂತ ಹಾಕಿಕೊಂಡಿದ್ದೆ, 22 ಆಗಿವೆ, ನೋಟ್‌ಬುಕ್‌ನಲ್ಲಿ 214 ಪುಟ. ಒಂದು ಕೌದಿ ಪೂರ್ತಿ ಮುಗಿದಿದೆ. ಎರಡನೆಯದು 11 ಸುತ್ತು ಹೊಲಿಗೆಗೆ ನಿಂತಿದೆ. ವರ್ಷ ಹೇಗೆ ಹೋಯಿತು ಅಂತ ತಿಂಗಳ ಪ್ರಕಾರ ಬರೆದಿಡುತ್ತೇನೆ.

ಜೂನ್, ಜುಲೈ

ನಾನಿರುವುದು ಕಲಬುರಗಿಯಲ್ಲಿ, ತವರು ಅಫಜಲಪುರ ತಾಲೂಕಿನಲ್ಲಿ. ಅಲ್ಲಿಂದ ಭೀಮಾ ನದಿ ದೂರವೇನಲ್ಲ. ಮಿರಗ ಬಿದ್ದರೆ ಅಣ್ಣನ ಹೊಲದಲ್ಲಿ ತೊಗರಿ ಬಿತ್ತನೆ. ಆ ಎರಡು ವಾರ ರಜೆ ದಿನ ಪೂರ್ತಿ ಅಲ್ಲೇ ಹೋಗುತ್ತದೆ, ಸೂಜಿಯೂ ಇಲ್ಲ ಪೆನ್ನೂ ಇಲ್ಲ.

ಗಂಟಿನಲ್ಲಿ ಹದಿಮೂರು ಸೀರೆ ಇದ್ದವು. ಅದರಲ್ಲಿ ಕೌದಿಗೆ ಬಂದದ್ದು ಒಂಬತ್ತು, ಎಲ್ಲಾ ಹತ್ತಿ. ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆಗೆ ಸೂಜಿ ಹಾಗೇ ಇಳಿಯುತ್ತದೆ. ಪಾಲಿಸ್ಟರ್ ಸೀರೆಯನ್ನು ಒಳಗೆ ಹಾಕಿದರೆ ಪದರ ಜಾರುತ್ತದೆ, ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಹೊದ್ದವರಿಗೆ ಉರಿ. ಒಂದು ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಮಾತ್ರ ಬಿಚ್ಚಿ ಬೇರೆ ಇಟ್ಟೆ. ಅದಕ್ಕೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲ.

ಆದರೆ ಮಳೆಗಾಲದಲ್ಲಿ ಕೌದಿ ಹಾಸಲು ಜಾಗ ಸಿಗಲಿಲ್ಲ. ನಮ್ಮ ಮನೆಯದು ಶಹಾಬಾದಿನ ಪರಸಿ ಕಲ್ಲು ಹಾಸಿದ ನೆಲ. ತೇವ ಇರುವ ದಿನ ಕಲ್ಲು ಬೆವರುತ್ತದೆ. ಪದರ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಟ್ಟು ಎಳೆಯಬೇಕು ಅಂದರೆ ನೆಲ ಒಣಗಿರಬೇಕು. ಹೀಗಾಗಿ ಜುಲೈ ಪೂರ್ತಿ ಮೇಲಿನ ಪದರಕ್ಕೆ ಬೇಕಾದ ಖಣದ ತುಂಡು, ಸೀರೆ ತುಂಡು ಕತ್ತರಿಸಿ ಜೋಡಿಸುವುದಷ್ಟೇ ಆಯಿತು. ರಾತ್ರಿ ಕರೆಂಟ್ ಹೋಗದ ದಿನ ಬರೆದೆ. ಜುಲೈ ಕೊನೆಗೆ ನಾಲ್ಕು ಅಧ್ಯಾಯ.

ಸೆಪ್ಟೆಂಬರ್, ಅಕ್ಟೋಬರ್

ಈ ವರ್ಷದ ಮುಖ್ಯ ಸಂಗತಿ ಇದೇ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕಾದಂಬರಿ ನಡೆಯುವುದು ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ, 2020ರ ಅಕ್ಟೋಬರ್ ಪ್ರವಾಹದ ದಿನಗಳಲ್ಲಿ. ಕೂಲಿಗೆ ಕೌದಿ ಹೊಲಿಯುವ ಅಕ್ಕತಂಗಿಯರ ಕಥೆ. ಒಂಬತ್ತನೇ ಅಧ್ಯಾಯದಲ್ಲಿ ರಾತ್ರಿ ನೀರು ಊರೊಳಗೆ ಬರುತ್ತದೆ. ಅಕ್ಕ ಒಣಗಲು ಹಾಕಿದ ನಾಲ್ಕು ಕೌದಿ ತಲೆ ಮೇಲೆ ಹೊತ್ತು, ಮೊಣಕಾಲು ನೀರಿನಲ್ಲಿ ನಡೆದು ಶಾಲೆಯ ಕಾಳಜಿ ಕೇಂದ್ರ ಸೇರುತ್ತಾಳೆ. ಹೀಗೆ ಬರೆದಿದ್ದೆ. ನನಗೆ ಬಹಳ ಹಿಡಿಸಿದ ಅಧ್ಯಾಯ ಅದು.

ನಮ್ಮ ಕಡೆ ಮಹಾನವಮಿಗೆ, ಅಂದರೆ ನವರಾತ್ರಿಯ ಮೊದಲ ದಿನ, ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲಾ ಒಗೆಯಬೇಕು. ಸೆಪ್ಟೆಂಬರ್ ಕೊನೆಗೆ ತವರಿಗೆ ಹೋದಾಗ ವೈನಿ (ಅಣ್ಣನ ಹೆಂಡತಿ) ಜೊತೆ ಹೊಳೆಗೆ ಹೋದೆ. ಒಗೆಯುತ್ತಾ ಒಗೆಯುತ್ತಾ ಈ ಅಧ್ಯಾಯದ ಕಥೆ ಹೇಳಿದೆ. ವೈನಿ ಪೂರ್ತಿ ಕೇಳಿ, ನೀರಲ್ಲಿ ನೆನೆದಿದ್ದ ಆಯಿಯ ಏಳು ಸೀರೆ ಕೌದಿ ತೋರಿಸಿ ಹೇಳಿದ್ದು ಇಷ್ಟೇ: "ಮೊದಲ ಇದನ್ನ ಎತ್ತಿ ನೋಡು, ಆಮ್ಯಾಲ ಬರಿ."

ಎತ್ತಲು ಆಗಲಿಲ್ಲ. ಇಬ್ಬರೂ ಸೇರಿ ದಂಡೆಗೆ ಎಳೆದೆವು. ಮನೆಗೆ ತಂದ ಮೇಲೂ ನೀರು ಸೋರುತ್ತಲೇ ಇತ್ತು. ಕಾಳು ತೂಗುವ ತೂಕದ ಕೊಂಡಿಗೆ ಹಾಕಿ ನೋಡಿದರೆ 15 ಕಿಲೋ ದಾಟಿತ್ತು. ಮೂರು ದಿನ ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ತೂಗಿದೆ. 4 ಕಿಲೋ 700 ಗ್ರಾಂ. ಹಸಿ ಕೌದಿ ಒಂದನ್ನೇ ಒಬ್ಬ ಹೆಂಗಸು ತಲೆ ಮೇಲೆ ಹೊತ್ತು ನೀರಿನಲ್ಲಿ ನಡೆಯುವುದು ಕಷ್ಟ. ನಾಲ್ಕಂತೂ ಸುಳ್ಳು.

ಹಾಗಾದರೆ ಕೌದಿ ಒಣಗಿದ್ದವು ಅಂತ ಬರೆದರೆ ಆಯಿತಲ್ಲ ಅಂತ ಮೊದಲು ಅನ್ನಿಸಿತು. ಕ್ಯಾಲೆಂಡರ್ ತೆಗೆದು ನೋಡಿದೆ. ಆ ವರ್ಷ ಅಧಿಕ ಮಾಸ ಬಂದು ನವರಾತ್ರಿ ತಡವಾಗಿ, ಅಕ್ಟೋಬರ್ 17ಕ್ಕೆ ಶುರುವಾಗಿತ್ತು. ಭೀಮಾ ಉಕ್ಕಿದ್ದೂ ಅದೇ ವಾರ. ಮೇಲೆ ಮಹಾರಾಷ್ಟ್ರದ ಉಜನಿ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಇಲ್ಲಿ ಸೊನ್ನ ಬ್ಯಾರೇಜಿನಿಂದ ಕೆಳಗೆ ನೀರು ನುಗ್ಗಿತ್ತು. ಅಂದರೆ ದಂಡೆಯ ಊರುಗಳಲ್ಲಿ ಹಬ್ಬಕ್ಕೆ ಅಂತ ಹಾಸಿಗೆ ಒಗೆದು ಹಾಕುವ ಹೊತ್ತಿಗೇ ಹೊಳೆ ಬಂದಿದೆ. ಕೌದಿ ಹಸಿಯೇ ಇರಬೇಕು. ನಾನು ಅದನ್ನು ಬದಲಿಸುವಂತಿಲ್ಲ.

ಅಧ್ಯಾಯ ಹರಿದು ಹಾಕಿದೆ. ಈಗ ಅಕ್ಕ ನಾಲ್ಕರಲ್ಲಿ ಒಂದನ್ನು ಮಾತ್ರ ಒಯ್ಯಬಹುದು. ಯಾವುದು? ಒಂದು ಅವಳ ಅವ್ವನದು. ಒಂದು ಮದುವೆಯಲ್ಲಿ ತವರಿನವರು ಕೊಟ್ಟದ್ದು. ಒಂದು ಸತ್ತ ಕೂಸಿನ ಸಣ್ಣ ಕೌದಿ, ಅದನ್ನು ಒಯ್ಯುವುದು ಸುಲಭ ಕೂಡ. ಇನ್ನೊಂದು ಕೂಲಿಗೆ ಹೊಲಿದು ಕೊಡಬೇಕಾದ ಬೇರೆ ಮನೆಯವರ ಕೌದಿ. ಹದಿನೈದು ದಿನ ಇದೇ ಯೋಚನೆ. ಕಚೇರಿಯಲ್ಲಿ ಫೈಲ್ ಬರೆಯುವಾಗಲೂ ಇದೇ. ಕೊನೆಗೆ ಅವಳು ಮಂದಿಯ ಕೌದಿಯನ್ನೇ ಹೆಗಲಿಗೆ ಹಾಕಿ ಎಳೆದುಕೊಂಡು ಹೊರಟಳು. ತನ್ನದು ಹೋದರೆ ಅತ್ತು ಸುಮ್ಮನಾಗಬಹುದು, ಮಂದಿಯದು ಹೋದರೆ ಆ ಋಣ ಯಾರು ತೀರಿಸಬೇಕು ಅನ್ನುವ ಹೆಣ್ಣುಮಗಳು ಅವಳು. ಅದು ನನಗೆ ಆವತ್ತೇ ಗೊತ್ತಾದದ್ದು. ಅಲ್ಲಿಯವರೆಗೆ ಎಂಟು ಅಧ್ಯಾಯ ಬರೆದಿದ್ದರೂ ಅವಳು ಯಾರು ಅಂತ ನನಗೆ ಗೊತ್ತಿರಲಿಲ್ಲ.

ನವೆಂಬರ್‌ನಿಂದ ಜನವರಿ

ಚಳಿ ಬಂತು, ನೆಲ ಒಣಗಿತು. ಕೌದಿ ಹಾಸಿದೆ. ಅಳತೆ 2 ಮೀಟರ್ ಉದ್ದ, 1.4 ಮೀಟರ್ ಅಗಲ. ಒಳಗೆ ಮತ್ತು ಕೆಳಗೆ ಸೇರಿ ನಾಲ್ಕು ಸೀರೆ, ಮೇಲೆ ತುಂಡಿನ ಪದರ. ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಸುತ್ತು ಹಾಕುತ್ತಾ ಬರುವುದು. ಸುತ್ತಿಗೂ ಸುತ್ತಿಗೂ ನಡುವೆ ಒಂದು ಬೆರಳು ಜಾಗ. ಚಳಿಯಲ್ಲಿ ಕೌದಿ ಹೊಲಿಯುವ ಸುಖವೇ ಬೇರೆ, ತೊಡೆ ಮೇಲೆ ಹಾಕಿಕೊಂಡರೆ ಹೊದ್ದಂತೆಯೂ ಆಗುತ್ತದೆ.

ಒಂದು ವಿಷಯ ಕಲಿತೆ. ಮೊದಲನೇ ಸುತ್ತು ಸುಮಾರು 6.8 ಮೀಟರ್, ಎರಡೂವರೆ ತಾಸು ಹಿಡಿಯಿತು. ಒಟ್ಟು 38 ಸುತ್ತು ಬರುತ್ತದೆ ಅಂತ ಲೆಕ್ಕ ಹಾಕಿ, ಇಷ್ಟು ದಿನ ಹೊಲಿದರೂ ಹತ್ತೇ ಸುತ್ತು ಆಯಿತಲ್ಲ ಅಂತ ಸಂಕಟಪಡುತ್ತಿದ್ದೆ. ಆದರೆ ಒಳಗೆ ಹೋದ ಹಾಗೆ ಸುತ್ತು ಸಣ್ಣದಾಗುತ್ತಾ ಬರುತ್ತದೆ. 19 ಸುತ್ತು ಮುಗಿದಾಗ ಅರ್ಧ ಅಲ್ಲ, ಮೂರರಲ್ಲಿ ಎರಡು ಪಾಲು ಕೆಲಸ ಮುಗಿದಿರುತ್ತದೆ. ಕೊನೆಯ ಐದು ಸುತ್ತನ್ನು ಒಂದೇ ಭಾನುವಾರ ಹಾಕಿದೆ. ಈಗ ನಾನು ಸುತ್ತು ಎಣಿಸುವುದಿಲ್ಲ, ದಾರದ ಉಂಡೆ ಎಷ್ಟು ಖರ್ಚಾಯಿತು ಅಂತ ನೋಡುತ್ತೇನೆ. ಹೊಸದಾಗಿ ಕೌದಿ ಹಿಡಿಯುವವರಿಗೆ ಇದನ್ನೇ ಹೇಳುತ್ತೇನೆ, ಶುರುವಿನ ಹತ್ತು ಸುತ್ತಿಗೆ ಹೆದರಿ ಬಿಡಬೇಡಿ.

ಆದರೆ ಕೈ ಕೈಕೊಟ್ಟಿತು. ಐದು ಪದರದಲ್ಲಿ ಸೂಜಿ ದೂಡುವುದೂ ಬಲಗೈ, ಪೆನ್ನು ಹಿಡಿಯುವುದೂ ಬಲಗೈ. ಡಿಸೆಂಬರ್ ಎರಡನೇ ವಾರ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಗಿ, ರೊಟ್ಟಿ ಬಡಿಯಲಿಕ್ಕೂ ಆಗಲಿಲ್ಲ. ಡಾಕ್ಟರ್ ಎರಡು ವಾರ ಕೈಗೆ ವಿಶ್ರಾಂತಿ ಕೊಡಿ ಅಂದರು. ಆ ಎರಡು ವಾರ ಫೋನಿಗೆ ಬಾಯಿಂದ ಹೇಳಿ ಬರೆಸಿದೆ. ಕಥೆಯ ನಿರೂಪಣೆ ಸರಿಯಾಗಿ ಬಂತು. ಆದರೆ ನನ್ನ ಪಾತ್ರಗಳು ನಮ್ಮ ಕಡೆಯ ಮಾತು ಆಡುತ್ತವೆ. "ಹೊಳಿ ಬರ್ಲತ್ತದ, ಜಲ್ದಿ ಏಳ್ರಿ" ಅಂದರೆ ಫೋನು ಅದನ್ನು ಮುರಿದು ಬೇರೆ ಬೇರೆ ಪದ ಮಾಡಿ ಇಡುತ್ತದೆ. ಪ್ರತಿ ಮಾತನ್ನೂ ತಿದ್ದಬೇಕು. ಮಾತು ಕಡಿಮೆ ಇರುವ ಭಾಗಗಳನ್ನಷ್ಟೇ ಹೀಗೆ ಬರೆಸಿದೆ, ಜನ ಮಾತಾಡುವ ಭಾಗ ಕೈಗೆ ಅಂತ ಉಳಿಸಿಕೊಂಡೆ.

ಆಮೇಲೆ ಒಂದು ಕಟ್ಟುಪಾಡು ಹಾಕಿಕೊಂಡೆ. ಸೂಜಿ ಹಿಡಿದ ದಿನ ನೋಟ್‌ಬುಕ್ ಇಲ್ಲ, ನೋಟ್‌ಬುಕ್ ಹಿಡಿದ ದಿನ ಸೂಜಿ ಇಲ್ಲ. ಅರ್ಧ ತಾಸಿಗೆ ಒಮ್ಮೆ ಎದ್ದು ಕೈ ಬಿಸಿ ನೀರಲ್ಲಿ ಇಡುವುದು. ನೋವು ಮತ್ತೆ ಅಷ್ಟು ಬರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡಬು. ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕೂತಾಗ ನನ್ನ ಅರ್ಧ ಹೊಲಿದ ಕೌದಿಯನ್ನೇ ಹಾಸಿದ್ದೆ. ಅದರ ಮೇಲೆ ಭಜ್ಜಿ ಚೆಲ್ಲಿದ ಅರಿಶಿನದ ಕಲೆ ಇನ್ನೂ ಹೋಗಿಲ್ಲ. ಇರಲಿ ಅಂತ ಬಿಟ್ಟಿದ್ದೇನೆ. ಜನವರಿ 26ಕ್ಕೆ ಆ ಕೌದಿ ಮುಗಿಯಿತು. ಕೊನೆಯ ತುದಿ ಮುಚ್ಚುವ ಮೊದಲು ಒಂದು ಚಿಟಿಕೆ ಜೋಳ ಒಳಗೆ ಹಾಕಿದೆ, ಆಯಿ ಹಾಗೆ ಮಾಡುತ್ತಿದ್ದಳು.

ಫೆಬ್ರವರಿ, ಮಾರ್ಚ್

ಹೆಚ್ಚು ಹೇಳಲು ಏನೂ ಇಲ್ಲ. ಕಚೇರಿಯಲ್ಲಿ ವರ್ಷದ ಕೊನೆಯ ಲೆಕ್ಕ, ಮಗಳ ಪರೀಕ್ಷೆ, ಹೋಳಿ ಆದ ಮೇಲೆ ಅಪ್ಪನ (ಶರಣಬಸವೇಶ್ವರರ) ಜಾತ್ರೆ, ಮನೆ ತುಂಬ ನೆಂಟರು. ಎರಡನೇ ಕೌದಿಯ 11 ಸುತ್ತು ಬಂದವರ ಜೊತೆ ಮಾತಾಡುತ್ತಾ ಕೂತಾಗ ಆದದ್ದು, ನಮ್ಮ ಕಾಕಿ ಎರಡು ಸುತ್ತು ಹಾಕಿಕೊಟ್ಟಳು. ಅವಳ ಹೊಲಿಗೆ ನನ್ನದಕ್ಕಿಂತ ಸಣ್ಣ, ನೋಡಿದರೆ ಗೊತ್ತಾಗುತ್ತದೆ. ಕಾದಂಬರಿ ಆರು ಪುಟ.

ಏಪ್ರಿಲ್, ಮೇ

ನಮ್ಮ ಕಲಬುರಗಿ ವಿಭಾಗದಲ್ಲಿ ಈ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲಿಗಾಗಿ ಮಾಡಿದ ಏರ್ಪಾಡು, ನನಗೆ ಮಾತ್ರ ಅದು ವರ್ಷದ ದೊಡ್ಡ ಕೊಡುಗೆ. 2 ಗಂಟೆಗೆ ಮನೆ, ಊಟ, ಕೂಲರ್ ಮುಂದೆ ನೋಟ್‌ಬುಕ್. ಹೊರಗೆ 42 ಡಿಗ್ರಿ, ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ, ಯಾರೂ ಬಾಗಿಲು ಬಡಿಯುವುದಿಲ್ಲ. ಈ ಬಿಸಿಲಿನಲ್ಲಿ ಕೌದಿ ತೊಡೆ ಮೇಲೆ ಹಾಕಿಕೊಳ್ಳಲು ಆಗುವುದಿಲ್ಲ, ಬೆವರಿಗೆ ಸೂಜಿ ಜಾರುತ್ತದೆ, ದಾರ ಕೊಳೆಯಾಗುತ್ತದೆ. ಹಾಗಾಗಿ ಎರಡನೇ ಕೌದಿಯನ್ನು ಬೇವಿನ ಎಲೆ ಹಾಕಿ ಮಡಚಿ ಪೆಟ್ಟಿಗೆಯಲ್ಲಿ ಇಟ್ಟೆ, ದೀಪಾವಳಿವರೆಗೆ ಮುಟ್ಟುವುದಿಲ್ಲ. ಎರಡು ತಿಂಗಳಲ್ಲಿ ಒಂಬತ್ತು ಅಧ್ಯಾಯ ಬರೆದೆ. ವರ್ಷದ ಉಳಿದ ಹತ್ತು ತಿಂಗಳಲ್ಲಿ ಆದದ್ದು ಹದಿಮೂರು.

ದಿನಕ್ಕೆ ಇಷ್ಟು ಪುಟ, ಇಷ್ಟು ಹೊಲಿಗೆ ಅಂತ ಶುರುವಿನಲ್ಲಿ ಒಂದು ವೇಳಾಪಟ್ಟಿ ಗೋಡೆಗೆ ಅಂಟಿಸಿದ್ದೆ. ಅದನ್ನು ಏಪ್ರಿಲ್‌ನಲ್ಲಿ ತೆಗೆದೆ. ಇಲ್ಲಿ ಬಿಸಿಲು ಬರೆಯಲಿಕ್ಕೆ, ಚಳಿ ಹೊಲಿಯಲಿಕ್ಕೆ, ಮಳೆಗಾಲ ತುಂಡು ಜೋಡಿಸಲಿಕ್ಕೆ. ಬರುವ ವರ್ಷವೂ ಹೀಗೇ ನಡೆಸಬೇಕು ಅಂತಿದ್ದೇನೆ.

ಈಗ ರೋಹಿಣಿ ಮಳೆ ನಡೆದಿದೆ, ಮೊನ್ನೆ ಸಂಜೆ ನಾಲ್ಕು ಹನಿ ಬಿತ್ತು. 23ನೇ ಅಧ್ಯಾಯದಲ್ಲಿ ನಿಂತಿದ್ದೆ. ನೀರು ಇಳಿದಿದೆ, ಅಕ್ಕ ಆ ಕೌದಿಯನ್ನು ಅದರ ಮನೆಯವರಿಗೆ ಕೊಡಬೇಕು. ಆ ಮನೆಯವರದೂ ಎಲ್ಲಾ ಹೋಗಿದೆ. ಕೊಡುವಾಗ ಅವಳು ಏನು ಹೇಳುತ್ತಾಳೆ, ಅವರು ಏನು ಅನ್ನುತ್ತಾರೆ ಅಂತ ಮೂರು ಸಲ ಬರೆದೆ, ಮೂರೂ ಸಲ ನಾಟಕದ ಮಾತಿನಂತೆ ಕೇಳಿಸಿತು. ನಿನ್ನೆ ರಾತ್ರಿ ವೈನಿಗೆ ಫೋನ್ ಮಾಡಿ ಓದಿ ಹೇಳಿದೆ. ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಒಣಗಿಸಿ ಕೊಟ್ಟಾಳೇನ್, ಹಸೀದೇ ಕೊಟ್ಟಾಳ?"

ಒಣಗಿಸದೆ ಅವಳು ಕೊಡುವವಳಲ್ಲ. ಅಂದರೆ ಮೂರು ದಿನ ಬೇಕು. ಇವತ್ತು ಮಧ್ಯಾಹ್ನ ಶಾಲೆಯ ಕಂಪೌಂಡ್ ಗೋಡೆ ಮೇಲೆ ಕೌದಿ ಹರವುವಲ್ಲಿಂದ ಅಧ್ಯಾಯ ಹೊಸದಾಗಿ ಶುರು ಮಾಡಿದೆ. ಎರಡೂವರೆ ಪುಟ ಆಗಿದೆ, ಕೌದಿಯಿಂದ ಇನ್ನೂ ನೀರು ಸೋರುತ್ತಿದೆ.