ವೇರಿಯಂಟ್ ಅಂದ್ರೆ ಕೊರೋನಾನಾ, ಕಾರಾ?

ಹೋದ ತಿಂಗಳು ಅಪ್ಪನ ಜೊತೆ ಕಾರ್ ನೋಡೋಕೆ ಶೋರೂಮಿಗೆ ಹೋಗಿದ್ದೆ, ಅಲ್ಲಿನ ಹುಡುಗ ಮಾತೆತ್ತಿದ್ರೆ "ಸರ್ ಯಾವ ವೇರಿಯಂಟ್, ಬೇಸಾ ಟಾಪ್ ಎಂಡಾ" ಅಂತಿದ್ದ, ಅಪ್ಪ ಮೆಲ್ಲಗೆ ನನ್ ಕಡೆ ತಿರುಗಿ "ಅದು ಕೊರೋನಾಗೆ ಹೇಳೋ ಪದ ಅಲ್ವೇನೋ" ಅಂದ್ರು.

ತಪ್ಪೇನಿಲ್ಲ ಬಿಡಿ, ನಮ್ಮಲ್ಲಿ ತುಂಬಾ ಜನಕ್ಕೆ ಆ ಪದ ಪರಿಚಯ ಆಗಿದ್ದೇ 2021ರಲ್ಲಿ. ಆಗ ಬಂದ ಕೊರೋನಾ ವೇರಿಯಂಟ್‌ಗೆ ವಿಜ್ಞಾನಿಗಳು ಇಟ್ಟಿದ್ದ ಬಿ.1.617.2 ಅನ್ನೋ ಹೆಸರನ್ನ ಯಾರು ನೆನಪಿಟ್ಕೋತಾರೆ, ಎಲ್ರೂ ಇಂಡಿಯನ್ ವೇರಿಯಂಟ್ ಅನ್ನೋಕೆ ಶುರು ಮಾಡಿದ್ರು, ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಮೇ 31ಕ್ಕೆ ಗ್ರೀಕ್ ಅಕ್ಷರಗಳನ್ನ ಕೊಟ್ಟು ಅದನ್ನ ಡೆಲ್ಟಾ ಮಾಡ್ತು. ಆಮೇಲೆ ಓಮಿಕ್ರಾನ್, ದೇಶದ ಮೊದಲೆರಡು ಕೇಸು ನಮ್ಮ ಕರ್ನಾಟಕದಲ್ಲೇ, ಡಿಸೆಂಬರ್ 2ಕ್ಕೆ. ನಡುವೆ 'ನ್ಯೂ' ಅನ್ನೋ ಅಕ್ಷರಾನ ಬಿಟ್ಟೇಬಿಟ್ರು, ಇಂಗ್ಲಿಷಲ್ಲಿ 'ಹೊಸದು' ಅಂತ ಕೇಳ್ಸುತ್ತೆ ಅಂತ!

ಪೇಪರ್‌ನೋರು ಕೆಲವ್ರು ರೂಪಾಂತರಿ ಅಂತ ಬರೆದ್ರು, ಕೆಲವ್ರು ತಳಿ. ನನಗೆ ತಳಿ ಅಂದ್ರೆ ರಾಗಿ, ಹಸು ನೆನಪಾಗುತ್ತೆ. ಬಾದಾಮಿ, ರಸಪುರಿ, ಮಲಗೋವಾ ಇವು ಮಾವಿನ ತಳಿಗಳು, ಅಂದ್ರೆ ವೆರೈಟಿ. ವೇರಿಯಂಟ್ ಅಂದ್ರೆ ಮೂಲ ಅದೇ, ಅಲ್ಲಲ್ಲಿ ಸ್ವಲ್ಪ ಬೇರೆ. ವರ್ಷನ್ ಅಂತಾನೂ ಕಲಸಿಬಿಡ್ತೀವಿ, ಆದ್ರೆ ಫೋನಲ್ಲಿ ಹೊಸ ವರ್ಷನ್ ಬಂದ್ರೆ ಹಳೇದು ಮೂಲೆಗೆ, ವೇರಿಯಂಟ್‌ಗಳು ಹಾಗಲ್ಲ, ಬೇಸೂ ಟಾಪೂ ಒಂದೇ ಶೋರೂಮಲ್ಲಿ ಪಕ್ಕಪಕ್ಕ ನಿಂತಿರ್ತವೆ.

ತಮಾಷೆ ಅಂದ್ರೆ ನಮ್ಮಲ್ಲಿ ಇದಕ್ಕೆ ಯಾವಾಗ್ಲೋ ಒಂದು ಪದ ಇತ್ತು, ಪಾಠಾಂತರ. ಹಳೇ ಕಾವ್ಯದ ಒಂದೇ ಪದ್ಯ ಒಂದು ಓಲೆಗರೀಲಿ ಒಂಥರ, ಇನ್ನೊಂದ್ರಲ್ಲಿ ಇನ್ನೊಂಥರ ಇದ್ರೆ ಸಂಪಾದಕರು ಒಂದನ್ನ ಮೇಲಿಟ್ಟು ಉಳಿದಿದ್ದನ್ನ ಪುಟದ ಕೆಳಗೆ ಕೊಡ್ತಾರೆ, ಎಸೆಯಲ್ಲ. ಇಂಗ್ಲಿಷಲ್ಲೂ ಅದಕ್ಕೆ ವೇರಿಯಂಟ್ ಅಂತಾನೇ ಹೇಳೋದು. ಆದ್ರೆ ಕಾರಿಗೆ ಪಾಠಾಂತರ ಅನ್ನೋಕಾಗುತ್ತಾ, ಆ ಹುಡುಗ ಓಡಿಹೋಗ್ತಾನೆ.

ಮಾತಲ್ಲೂ ಅಷ್ಟೇ, ಧಾರವಾಡದ ಕಡೆಯೋರು 'ಮನಿ' ಅಂತಾರೆ, ನಾವು ಮೈಸೂರು ಕಡೆಯೋರು 'ಮನೆ', ಎರಡೂ ಸರಿ. ಆದ್ರೆ ತಪ್ಪೆಲ್ಲಾ ವೇರಿಯಂಟ್ ಆಗಲ್ಲ, 'ಶ್ರುತಿ' ಸರಿ 'ಶೃತಿ' ತಪ್ಪು ಅಂತ ನಾನು ವಾದ ಮಾಡ್ತೀನಿ, ಜೋರಾಗಿ ಮಾತ್ರ ಮಾಡಲ್ಲ, ಯಾಕಂದ್ರೆ ಆಧಾರ್ ಕಾರ್ಡಲ್ಲೇ ಹಾಗೆ ಇರೋರು ನಮ್ಮನೇಲೇ ಒಬ್ರಿದಾರೆ.